ತಂಪು ಯಾರದ್ದೋ, ಬೆಲೆ ಅವರದ್ದು

ಒಂದು ಸರಳ ಪ್ರಶ್ನೆಯಿಂದ ಶುರು ಮಾಡೋಣ. ಹಣ್ಣು, ಮೀನು, ಮಾಂಸ ವಾರಗಟ್ಟಲೆ ಸಮುದ್ರದ ಮೇಲೆ ತೇಲಿಕೊಂಡು ಹೋಗುತ್ತಲ್ಲ, ಅದು ಕೊಳೆಯೋದಿಲ್ಲ ಯಾಕೆ? ‘ಹಡಗಲ್ಲಿ ಫ್ರಿಜ್ ಇರುತ್ತೆ ಬಿಡಿ ಸಾರ್’ ಅಂತೀರಿ. ಸರಿ, ಒಪ್ಪಿದೆ. ಆದರೆ ಆ ಫ್ರಿಜ್ ಯಾರದ್ದು? ಆ ತಂಪು ಎಲ್ಲಿಂದ ಶುರುವಾಗುತ್ತೆ? ಈ ಎರಡು ಪ್ರಶ್ನೆ ಕೈಯಲ್ಲಿ ಹಿಡಿದುಕೊಂಡು ಚರಿತ್ರೆ ಓದಿದರೆ, ಯಾವ ದೇಶದ ರೈತ ಉದ್ಧಾರವಾದ, ಯಾವ ದೇಶದ ರೈತ ಕೂಲಿಯಾಗಿ ಉಳಿದ ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ತಮಾಷೆ ನೋಡಿ, ಮೊದಲು ಹಡಗೇರಿ ನಮ್ಮ ದೇಶಕ್ಕೆ ಬಂದದ್ದು ತಂಪಾದ ಆಹಾರವಲ್ಲ, ತಂಪೇ! 1833ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡ್ರಿಕ್ ಟ್ಯೂಡರ್ ‘ಟಸ್ಕನಿ’ ಎಂಬ ಹಡಗಿಗೆ 180 ಟನ್ ಮಂಜುಗಡ್ಡೆ ತುಂಬಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ. ಕರಗಿ ಉಳಿದದ್ದು ಸುಮಾರು 100 ಟನ್. ಅದರಲ್ಲೇ ಲಾಭ ಮಾಡಿದ. ಮದ್ರಾಸಿನ ಕಡಲತೀರದಲ್ಲಿ ಈ ಅಮೆರಿಕನ್ ಮಂಜುಗಡ್ಡೆ ಇಡಲು ಕಟ್ಟಿದ ಐಸ್‌ಹೌಸ್ ಇವತ್ತಿಗೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ವಿದೇಶದಿಂದ ಮರಳಿದಾಗ ಉಳಿದುಕೊಂಡದ್ದು ಅದೇ ಕಟ್ಟಡದಲ್ಲಿ. ಹೆಸರೀಗ ವಿವೇಕಾನಂದರ್ ಇಲ್ಲಂ. ಅಂದಹಾಗೆ, ಆ ಮಂಜುಗಡ್ಡೆ ಯಾರ ಲೋಟಕ್ಕೆ ಬೀಳುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮಂಜುಗಡ್ಡೆಯ ಕಾಲ ಮುಗಿದು ಯಂತ್ರದ ಕಾಲ ಬಂತು. ಇಂಗ್ಲೆಂಡ್, ಫ್ರಾನ್ಸಿನ ಪಟ್ಟಣಗಳಲ್ಲಿ ಮಾಂಸ ದುಬಾರಿ. ಅತ್ತ ಅರ್ಜೆಂಟೀನಾ, ಆಸ್ಟ್ರೇಲಿಯಾದಲ್ಲಿ ತುಪ್ಪಟಕ್ಕಾಗಿ, ಚರ್ಮಕ್ಕಾಗಿ ಪ್ರಾಣಿ ಕೊಂದು ಮಾಂಸ ಎಸೆಯುವ ಸ್ಥಿತಿ. ನಡುವೆ ಸಮುದ್ರ. 1876ರಲ್ಲಿ ಫ್ರಾನ್ಸಿನ ಎಂಜಿನಿಯರ್ ಚಾರ್ಲ್ಸ್ ಟೆಲಿಯೆ ‘ಫ್ರಿಗೊರಿಫಿಕ್’ ಎಂಬ ಹಡಗಿನಲ್ಲಿ ಶೀತಯಂತ್ರ ಕೂರಿಸಿ ರುವಾನ್ ಬಂದರಿನಿಂದ ಬ್ಯೂನಸ್ ಐರಿಸ್‌ಗೆ ಮಾಂಸ ಸಾಗಿಸಿ ತೋರಿಸಿದ. ಜಗತ್ತು ಅವನನ್ನು ಹೊಗಳಿತು, ದುಡ್ಡು ಕೊಡಲಿಲ್ಲ. 1913ರಲ್ಲಿ ಬಡತನದಲ್ಲೇ ಸತ್ತ.

ಇಲ್ಲಿ ಒಂದು ನಿಮಿಷ ನಿಲ್ಲಿ. 1876 ಅಂದರೆ ನಮ್ಮಲ್ಲಿ ಯಾವ ವರ್ಷ? ಧಾತು ಸಂವತ್ಸರ. ಮೈಸೂರು ಸೀಮೆಯನ್ನು ನುಂಗಿ ಹಾಕಿದ ಬರ ಶುರುವಾದ ವರ್ಷ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಅದೇ ಬರದ ಕಾಲದಲ್ಲಿ ಭಾರತದ ಬಂದರುಗಳಿಂದ ಧಾನ್ಯ ಹಡಗೇರಿ ಹೊರಗೆ ಹೋಗುತ್ತಲೇ ಇತ್ತು. ಹಡಗು ಹಸಿವನ್ನು ಹುಡುಕಿಕೊಂಡು ಹೋಗೋದಿಲ್ಲ ಸ್ವಾಮಿ, ಬೆಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಶೀತಯಂತ್ರ ಆ ಗುಣವನ್ನು ಬದಲಿಸಲಿಲ್ಲ. ಧಾನ್ಯದ ಜೊತೆಗೆ ಮಾಂಸ, ಬೆಣ್ಣೆ, ಹಣ್ಣಿಗೂ ಆ ದಾರಿ ತೆರೆಯಿತು, ಅಷ್ಟೇ.

ಆ ದಾರಿ ನಿಜವಾಗಿ ತೆರೆದದ್ದು ನ್ಯೂಜಿಲೆಂಡಿನಿಂದ. 1882ರ ಫೆಬ್ರವರಿ 15ರಂದು ಪೋರ್ಟ್ ಚಾಮರ್ಸ್ ಬಂದರಿನಿಂದ ‘ಡುನೆಡಿನ್’ ಎಂಬ ಹಾಯಿಹಡಗು ಲಂಡನ್ನಿಗೆ ಹೊರಟಿತು. ಒಡಲಲ್ಲಿ ಸುಮಾರು 5,000 ಕುರಿ, ಮರಿಗಳ ಹೆಪ್ಪುಗಟ್ಟಿದ ಮಾಂಸ. ಹಡಗು ಓಡೋದು ಗಾಳಿಯಿಂದ, ಶೀತಯಂತ್ರ ಓಡೋದು ಕಲ್ಲಿದ್ದಲಿನಿಂದ. ಹೊಗೆ ಕೊಳವೆಯ ಕಿಡಿ ಹಾರಿ ಹಾಯಿಗೆ ಬೆಂಕಿ ಹೊತ್ತೀತು ಅನ್ನೋ ಭಯ ಒಂದು ಕಡೆ. ಉಷ್ಣವಲಯಕ್ಕೆ ಬಂದಾಗ ಒಳಗೆ ತಂಪು ಗಾಳಿ ಸರಿಯಾಗಿ ಹರಡುತ್ತಿಲ್ಲ ಅನ್ನೋ ಆತಂಕ ಇನ್ನೊಂದು ಕಡೆ. ಕ್ಯಾಪ್ಟನ್ ಜಾನ್ ವಿಟ್ಸನ್ ಸ್ವತಃ ಗಾಳಿಕೊಳವೆಯೊಳಗೆ ತೆವಳಿಕೊಂಡು ಹೋಗಿ ತೂತು ಕೊರೆದ. ಚಳಿಗೆ ಮೈ ಮರಗಟ್ಟಿ ಹೊರಬರಲಾಗದೆ ಅಲ್ಲೇ ಬಿದ್ದ. ಕಾಲಿಗೆ ಹಗ್ಗ ಕಟ್ಟಿ ಎಳೆದು ಬದುಕಿಸಿದರು. 98 ದಿನಗಳ ನಂತರ ಲಂಡನ್ನಿನಲ್ಲಿ ಬಾಗಿಲು ತೆಗೆದಾಗ ಅಷ್ಟೂ ಸರಕಿನಲ್ಲಿ ಕೆಟ್ಟದ್ದು ಒಂದೇ ಒಂದು ಕುರಿ. ಎಂಟು ವರ್ಷದ ನಂತರ, 1890ರಲ್ಲಿ ಅದೇ ಹಡಗು ಸಿಬ್ಬಂದಿ ಸಮೇತ ಸಮುದ್ರದಲ್ಲಿ ಕಾಣೆಯಾಯಿತು. ಆದರೆ ಅಷ್ಟರಲ್ಲಿ ಒಂದು ದೇಶದ ಹಣೆಬರಹ ಬದಲಾಗಿತ್ತು.

ಹೇಗೆ ಬದಲಾಯಿತು? ಅಲ್ಲಿಯವರೆಗೆ ತುಪ್ಪಟ ಮಾರಿ ಬದುಕುತ್ತಿದ್ದ ನ್ಯೂಜಿಲೆಂಡಿನಲ್ಲಿ ಹತ್ತಿಪ್ಪತ್ತು ಹಸು ಕಟ್ಟಿಕೊಂಡ ಸಣ್ಣ ರೈತನಿಗೂ ಲಂಡನ್ ಮಾರುಕಟ್ಟೆ ಸಿಕ್ಕಿತು. ಅವರು ಮಾಡಿದ ಜಾಣತನ ಏನು ಗೊತ್ತಾ? ಹಾಲನ್ನು ಬೆಣ್ಣೆ, ಚೀಸ್ ಮಾಡುವ ಡೇರಿಗಳನ್ನು ರೈತರೇ ಸಹಕಾರ ಸಂಘ ಕಟ್ಟಿಕೊಂಡು ತಾವೇ ಇಟ್ಟುಕೊಂಡರು. ಹಡಗು ಬೇರೆಯವರದ್ದಿರಬಹುದು, ಮೊದಲ ತಂಪು ತಮ್ಮದು. ಹಾಗಂತ ಕಥೆ ಪೂರ್ತಿ ಸಿಹಿಯೇನಲ್ಲ. ಹಸು ಮೇಯಿಸಿದ ಎಷ್ಟೋ ನೆಲ ಮಾವೋರಿಗಳ ಕೈಯಿಂದ ಕಿತ್ತುಕೊಂಡದ್ದು, ಕಾಡು ಕಡಿದು ಮಾಡಿದ್ದು. ಅದನ್ನು ಮರೆತು ಬರೀ ಹೊಗಳಿದರೆ ಅರ್ಧ ಚರಿತ್ರೆ ಹೇಳಿದಂತೆ.

ಈಗ ಇದರ ತದ್ವಿರುದ್ಧ ಚಿತ್ರ ನೋಡಿ. 1899ರಲ್ಲಿ ಅಮೆರಿಕದಲ್ಲಿ ಯುನೈಟೆಡ್ ಫ್ರೂಟ್ ಕಂಪನಿ ಹುಟ್ಟಿತು. ಮಧ್ಯ ಅಮೆರಿಕದ ಬಾಳೆಹಣ್ಣು ಸಾಗಿಸಲು ಶೀತಲ ಹಡಗುಗಳ ಪಡೆಯನ್ನೇ ಕಟ್ಟಿತು. ಬಿಸಿಲು ಹೀರದಿರಲಿ ಅಂತ ಹಡಗುಗಳಿಗೆ ಬಿಳಿ ಬಣ್ಣ. ತೋಟ ಕಂಪನಿಯದ್ದು, ರೈಲು ಕಂಪನಿಯದ್ದು, ಬಂದರು, ತಂಪು ಎಲ್ಲವೂ ಕಂಪನಿಯದ್ದು. ರೈತನಿಗೆ ಉಳಿದದ್ದು? ಕೂಲಿ. 1928ರಲ್ಲಿ ಕೊಲಂಬಿಯಾದ ಸಿಯೆನಗಾ ಊರಿನಲ್ಲಿ ಮುಷ್ಕರ ಮಾಡಿದ ಬಾಳೆತೋಟದ ಕಾರ್ಮಿಕರ ಮೇಲೆ ಸೈನ್ಯ ಗುಂಡು ಹಾರಿಸಿತು. 1954ರಲ್ಲಿ ಗ್ವಾಟೆಮಾಲಾದಲ್ಲಿ ಕಂಪನಿಯ ಪಾಳುಭೂಮಿ ವಶಪಡಿಸಿಕೊಂಡು ಬಡವರಿಗೆ ಹಂಚಲು ಹೊರಟ ಚುನಾಯಿತ ಅಧ್ಯಕ್ಷ ಹಾಕೊಬೊ ಅರ್ಬೆಂಜ್ ಅಮೆರಿಕದ ಗುಪ್ತಚರ ಸಂಸ್ಥೆಯ ಸಂಚಿಗೆ ಅಧಿಕಾರ ಕಳೆದುಕೊಂಡ. ಅದೇ ಯಂತ್ರ, ಅದೇ ಸಮುದ್ರ. ಫಲಿತಾಂಶ ಮಾತ್ರ ಬೇರೆ. ಯಾಕೆಂದರೆ ಮಾಲೀಕ ಬೇರೆ.

ನಮ್ಮ ಕಡೆಗೆ ಬರೋಣ. 1953ರಲ್ಲಿ ಕೊಚ್ಚಿಯಿಂದ ಅಮೆರಿಕಕ್ಕೆ ಹೆಪ್ಪುಗಟ್ಟಿಸಿದ ಸೀಗಡಿ ಹೋಗಲು ಶುರುವಾಯಿತು. ಅದಕ್ಕೂ ಮೊದಲು ಪಶ್ಚಿಮ ಕರಾವಳಿಯಲ್ಲಿ ಸೀಗಡಿ ಅಂದರೆ ಬಡವರ ಮೀನು. ಹೆಚ್ಚಾದರೆ ಒಣಗಿಸಿ ಮಾರುತ್ತಿದ್ದರು, ತೆಂಗಿನ ಬುಡಕ್ಕೆ ಗೊಬ್ಬರವಾಗಿಯೂ ಹಾಕುತ್ತಿದ್ದರು. ಹಡಗಿನಲ್ಲಿ ತಂಪು ಸಿಕ್ಕಿದ್ದೇ ತಡ, ಅದು ಡಾಲರ್ ತರುವ ಬಂಗಾರವಾಯಿತು. ಟ್ರಾಲ್ ದೋಣಿಗಳು ಬಂದವು, ಸಮುದ್ರದ ತಳ ಬಾಚಿದವು. ದೇಶಕ್ಕೆ ವಿದೇಶಿ ವಿನಿಮಯ ಬಂತು, ಸುಳ್ಳಲ್ಲ. ಆದರೆ ಬೆಲೆ ಹೇಳುವ ಅಧಿಕಾರ ಬಲೆ ಎಳೆದವನಿಗೆ ಬರಲಿಲ್ಲ. ಇವತ್ತಿಗೂ ಅಮೆರಿಕ ಸುಂಕ ಏರಿಸಿದರೆ ಆಂಧ್ರದ ಸೀಗಡಿ ಕೊಳದ ರೈತ ಬೆವರುತ್ತಾನೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಇವತ್ತು ಹಡಗಿನ ಮೇಲೆ ಸಾಲುಗಟ್ಟಿ ನಿಲ್ಲುವ ರೀಫರ್ ಕಂಟೇನರ್ ಇದೆಯಲ್ಲ, ಅದರ ಕೆಲಸ ತಂಪು ಮಾಡೋದಲ್ಲ, ತಂಪು ಕಾಯೋದು. ಹೆಪ್ಪುಗಟ್ಟಿದ ಮೀನಿಗೆ ಮೈನಸ್ 18 ಡಿಗ್ರಿ, ಬಾಳೆಗೆ ಸುಮಾರು 13 ಡಿಗ್ರಿ. ಒಳಗಿಟ್ಟ ಸರಕು ಮೊದಲೇ ಆ ಉಷ್ಣತೆಗೆ ಇಳಿದಿದ್ದರೆ ಮಾತ್ರ ಅದು ಕಾಪಾಡುತ್ತದೆ. ಹೊಲದ ಬಿಸಿ ಹೊತ್ತುಕೊಂಡು ಬಂದ ಮಾವಿನಹಣ್ಣನ್ನು ನೇರ ಒಳಗೆ ತುಂಬಿದರೆ ದೊಡ್ಡ ಕಂಟೇನರ್ ಕೂಡ ಕೈಚೆಲ್ಲುತ್ತದೆ. ಅಂದರೆ ತಂಪು ಬಂದರಿನಲ್ಲಿ ಶುರುವಾದರೆ ಆಗೋದಿಲ್ಲ, ಹೊಲದ ಬದುವಿನಲ್ಲೇ ಶುರುವಾಗಬೇಕು.

ಈಗ ಕೋಲಾರಕ್ಕೆ ಬನ್ನಿ. ಬೆಲೆ ಬಿದ್ದಾಗ ಟೊಮ್ಯಾಟೊ ರಸ್ತೆಗೆ ಸುರಿಯುವ ದೃಶ್ಯವನ್ನು ನಾನು ವಾರ್ತೆಯಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆದರೆ ಅದೇ ಜಿಲ್ಲೆ, ಅದೇ ರೈತ, ಅದೇ ದಿನ ಬೆಳಗ್ಗೆ ಕರೆದ ಹಾಲನ್ನು ರಸ್ತೆಗೆ ಸುರಿಯೋದಿಲ್ಲ. ಟೊಮ್ಯಾಟೊಗಿಂತ ಹಾಲು ಬೇಗ ಕೆಡುತ್ತೆ, ಅಲ್ವಾ? ಆದರೂ ಉಳಿಯುತ್ತೆ. ಯಾಕೆಂದರೆ ಊರಿನಲ್ಲಿ ಡೇರಿ ಇದೆ, ಹತ್ತಿರದಲ್ಲೇ ಶೀತಲೀಕರಣ ಘಟಕ ಇದೆ, ಒಕ್ಕೂಟದಲ್ಲಿ ಅವನೂ ಪಾಲುದಾರ. ಹಾಲಿಗೆ ಸಿಕ್ಕಿದ ಆ ಮೊದಲ ತಂಪು ಟೊಮ್ಯಾಟೊಗೆ, ಮಾವಿಗೆ ಯಾಕೆ ಸಿಗಬಾರದು? ರಫ್ತು ನೀತಿ ಬಗ್ಗೆ ಮಾತಾಡುವ ಪ್ರತಿ ಮಂತ್ರಿಗೂ ನಾನು ಕೇಳೋದು ಇದೊಂದೇ: ನೀವು ಕಟ್ಟುವ ಶೀತಲಗೃಹದ ಬೀಗದ ಕೈ ಯಾರ ಜೇಬಿನಲ್ಲಿರುತ್ತೆ?