ಮಿನಿ ಹಿಟಾಚಿ ಕೊಳ್ಳೋ ಯೋಚನೆ ಇದೆಯಾ? ಮೊದಲು ಅದನ್ನು ಹೊತ್ತೊಯ್ಯೋ ಗಾಡಿ ಯಾವುದು ಅಂತ ತೀರ್ಮಾನಿಸಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಈಗ ತೋಟದ ಬಸಿಗಾಲುವೆಗೂ ಮಿನಿ ಹಿಟಾಚಿ, ಮನೆಯ ಶೌಚಗುಂಡಿಗೂ ಮಿನಿ ಹಿಟಾಚಿ. ಗುದ್ದಲಿ ಹಿಡಿಯೋ ಆಳು ಸಿಗೋದಿಲ್ಲ, ಸಿಕ್ಕರೂ ಕೆಲಸ ವಾರಗಟ್ಟಲೆ ಎಳೆಯುತ್ತೆ. ಹೀಗಾಗಿ ಊರಿಗೆ ಒಬ್ಬರಾದರೂ "ನಾವೇ ಒಂದು ಮಷೀನ್ ತಗೊಂಡ್ರೆ ಹೇಗೆ?" ಅಂತ ಲೆಕ್ಕ ಹಾಕ್ತಿದ್ದಾರೆ. ಜಮೀನು, ಮನೆ ಅಡ ಇಟ್ಟು ಸಾಲ ಮಾಡೋ ಮಾತಿದು. ಷೋರೂಮಿಗೆ ಹೋಗೋ ಮೊದಲು ಗೊತ್ತಿರಬೇಕಾದ ವಿಷಯಗಳನ್ನು ಇಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ.

ಹೆಸರಿನ ಗೊಂದಲ

ನಮ್ಮ ಕಡೆ ಟೈರ್ ಇದ್ದರೆ ಜೆಸಿಬಿ, ಚೈನ್ ಇದ್ದರೆ ಹಿಟಾಚಿ. ನಿಜ ಹೇಳಬೇಕು ಅಂದ್ರೆ ಎರಡೂ ಕಂಪನಿಗಳ ಹೆಸರು. ಜೆಸಿಬಿ ಕಂಪನಿಯೂ ಚೈನ್ ಮಷೀನ್ ಮಾಡುತ್ತೆ. ಟಾಟಾ ಹಿಟಾಚಿ (ಇದರ ಒಂದು ಕಾರ್ಖಾನೆ ನಮ್ಮ ಧಾರವಾಡದಲ್ಲೇ ಇದೆ), ಕುಬೋಟಾ, ಬಾಬ್‌ಕ್ಯಾಟ್, ಯಾನ್ಮಾರ್, ಸ್ಯಾನಿ, ಹ್ಯುಂಡೈ ಹೆಸರಲ್ಲೂ ಮಿನಿ ಎಕ್ಸ್‌ಕವೇಟರ್ ಬರುತ್ತೆ. ಕೊಟೇಶನ್ ಕೇಳುವಾಗ "ಮಿನಿ ಹಿಟಾಚಿ ರೇಟ್ ಎಷ್ಟು?" ಅನ್ನೋದಕ್ಕಿಂತ "ಎರಡು ಟನ್ನಿನ ಮಿನಿ ಎಕ್ಸ್‌ಕವೇಟರ್" ಅಂತ ತೂಕ ಹೇಳಿ ಕೇಳಿ. ಆಗ ಮಾತ್ರ ಎರಡು ಕಂಪನಿಯ ದರ ಹೋಲಿಸೋಕೆ ಆಗುತ್ತೆ.

ತೂಕ ಮೊದಲು, ಉಳಿದದ್ದು ಆಮೇಲೆ

ಟೈರ್ ಜೆಸಿಬಿ ತನ್ನ ಕಾಲ ಮೇಲೆ ತಾನೇ ರಸ್ತೆಯಲ್ಲಿ ಓಡುತ್ತೆ. ಚೈನ್ ಮಷೀನ್ ಹಾಗಲ್ಲ. ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗ ಅಷ್ಟೇ. ಒಂದು ಊರಿಂದ ಇನ್ನೊಂದು ಊರಿಗೆ ಬೇರೆ ಗಾಡಿ ಮೇಲೇ ಹೋಗಬೇಕು. ಅದಕ್ಕೇ ಎಂಜಿನ್ ಎಷ್ಟು ಎಚ್‌ಪಿ ಅನ್ನೋದಕ್ಕಿಂತ ಮೊದಲು ತೂಕ ನೋಡಬೇಕು. ಅಂದಾಜು ಹೀಗಿದೆ:

- 1 ಟನ್ ಆಸುಪಾಸು: ಮೂರು ಅಡಿಗಿಂತ ಕಡಿಮೆ ಅಗಲ, ಐದೂವರೆ ಅಡಿ ಆಳ. ಮನೆ ಪಕ್ಕದ ಓಣಿ, ಕಾಂಪೌಂಡ್ ಒಳಗಿನ ಕೆಲಸಕ್ಕೆ ಸರಿ. ಗಟ್ಟಿ ನೆಲದಲ್ಲಿ ಸುಸ್ತು ಹೊಡೆಯುತ್ತೆ.
- 1.7ರಿಂದ 2 ಟನ್: ಮೂರೂಕಾಲರಿಂದ ನಾಲ್ಕೂವರೆ ಅಡಿ ಅಗಲ, ಏಳೂವರೆ ಅಡಿ ಆಸುಪಾಸು ಆಳ. ಅಡಿಕೆ ತೋಟ, ಪೈಪ್‌ಲೈನ್, ಗುಂಡಿ ಕೆಲಸಕ್ಕೆ ಹೇಳಿ ಮಾಡಿಸಿದ ಅಳತೆ.
- 2.7ರಿಂದ 3.5 ಟನ್: ಐದು ಅಡಿ ಅಗಲ, ಒಂಬತ್ತರಿಂದ ಹತ್ತು ಅಡಿ ಆಳ. ಪಾಯ, ರಸ್ತೆ ಬದಿ ಚರಂಡಿ, ಜಂಬಿಟ್ಟಿಗೆ ನೆಲಕ್ಕೆ ಇದು ಬೇಕು.
- 5 ಟನ್ ಮೇಲ್ಪಟ್ಟದ್ದು: ಕೆಲಸ ಜೋರು, ಆದರೆ ಸಾಗಿಸಲು ಲಾರಿಯೇ ಆಗಬೇಕು.

ಅಡಿಕೆ ಗಿಡದ ನಡುವೆ ಸಾಮಾನ್ಯವಾಗಿ ಒಂಬತ್ತು ಅಡಿ ಅಂತರ. ಏಳು ಅಡಿಗೂ ಹೆಚ್ಚು ಅಗಲದ ಜೆಸಿಬಿ ಅಲ್ಲಿ ನುಗ್ಗಿದರೆ ಬೇರು ತುಳಿಯುತ್ತೆ, ಮರಕ್ಕೆ ತಾಗುತ್ತೆ. ನಾಲ್ಕೈದು ಅಡಿಯ ಮಷೀನಿಗೆ ಎರಡೂ ಕಡೆ ಎರಡೆರಡು ಅಡಿ ಜಾಗ ಉಳಿಯುತ್ತೆ. ತೋಟದವರು ಮಿನಿ ಬೇಕು ಅನ್ನೋದಕ್ಕೆ ಇದೇ ಕಾರಣ.

ಯಾವ ಗಾಡಿ ಮೇಲೆ ಒಯ್ತೀರಿ?

ಬಹಳ ಜನ ಸಿಕ್ಕಿಬೀಳೋದು ಇಲ್ಲೇ. 1.7 ಟನ್ ಮಷೀನ್, 1.7 ಟನ್ ಹೊರೋ ಪಿಕಪ್, ಸರಿಹೋಯ್ತಲ್ಲ ಅನ್ನಿಸುತ್ತೆ. ಆದರೆ ಮಷೀನ್ ಒಂದೇ ಹೋಗೋದಿಲ್ಲ. ಎರಡು ಮೂರು ಬಕೆಟ್, ಬ್ರೇಕರ್, ಹತ್ತಿಸೋ ಕಬ್ಬಿಣದ ಹಲಗೆ, ಡೀಸೆಲ್ ಕ್ಯಾನ್, ಆಪರೇಟರ್ ಸೇರಿ ಇನ್ನೂ 300 ಕೆಜಿ ದಾಟೋದು ಸುಲಭ. ಗಾಡಿಯ ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತೆ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಎಷ್ಟು ಹೊರಬಹುದು ಅನ್ನೋದು ಗೊತ್ತಾಗುತ್ತೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಹೆಚ್ಚು ಭಾರಕ್ಕೆ 20,000 ರೂ. ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡ ಕಟ್ಟಿದರೆ ಮುಗೀಲಿಲ್ಲ; ಘಾಟಿಯ ಇಳಿಜಾರಲ್ಲಿ ಬ್ರೇಕ್ ಹಿಡಿಯದಿದ್ದರೆ ಹೋಗೋದು ಜೀವ.

1 ಟನ್ ಮಷೀನಿಗೆ ಪಿಕಪ್ ಸಾಕು. 1.7ರಿಂದ 2 ಟನ್ನಿಗೆ 407 ಥರದ ಗಾಡಿ ಸುರಕ್ಷಿತ. ಮೂರು ಟನ್ ದಾಟಿದರೆ ಅದಕ್ಕಿಂತ ದೊಡ್ಡದು ಬೇಕು. ಕಾರಿನ ಲೈಸೆನ್ಸ್ ಇರೋರು ಒಟ್ಟು ತೂಕ 7,500 ಕೆಜಿವರೆಗಿನ ಸಾಗಣೆ ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಅದಕ್ಕಿಂತ ಮೇಲೆ ಹೋದರೆ ಹೆವಿ ಲೈಸೆನ್ಸ್ ಇರೋ ಚಾಲಕನ ಸಂಬಳವನ್ನೂ ಲೆಕ್ಕಕ್ಕೆ ಸೇರಿಸಿ.

ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಒಯ್ಯೋದು ನಮ್ಮಲ್ಲಿ ಮಾಮೂಲಿ. ಆದರೆ ಕೃಷಿಗೆ ಅಂತ ನೋಂದಾಯಿಸಿದ ಟ್ರ್ಯಾಕ್ಟರ್‌ನಲ್ಲಿ ಬಾಡಿಗೆ ಮಷೀನ್ ಸಾಗಿಸುವಾಗ ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತೋ ಸಾಧ್ಯತೆ ಇದೆ. ಮಾಮೂಲಿ ಟ್ರೇಲರ್ ಎತ್ತರವೂ ಹೆಚ್ಚು. ತಳ ತಗ್ಗಿರೋ, ಎರಡು ಆಕ್ಸಲ್ ಇರೋ ಟ್ರೇಲರ್ ಮಾಡಿಸಿದರೆ ಅದನ್ನೂ ಆರ್‌ಟಿಒದಲ್ಲಿ ನೋಂದಾಯಿಸಬೇಕು.

ಹತ್ತಿಸೋ ಹಲಗೆಯ ಉದ್ದ ಗಾಡಿ ತಳದ ಎತ್ತರಕ್ಕೆ ನಾಲ್ಕು ಪಟ್ಟಾದರೂ ಇರಲಿ. ಮೂರು ಅಡಿ ಎತ್ತರಕ್ಕೆ ಹನ್ನೆರಡು ಅಡಿ. ಐದಾರು ಅಡಿ ಹಲಗೆ ಇಟ್ಟು ಹತ್ತಿಸೋಕೆ ಹೋಗಿ ಮಷೀನ್ ಮಗುಚೋದುಂಟು. ಹಲಗೆ ಮೇಲೆ ಇರುವಾಗ ಮೇಲ್ಭಾಗ ತಿರುಗಿಸಬಾರದು. ಹತ್ತಿಸಿದ ಮೇಲೆ ತೋಳು, ಬ್ಲೇಡ್ ಎರಡನ್ನೂ ತಳಕ್ಕೆ ಊರಿ, ನಾಲ್ಕು ಮೂಲೆಗೂ ಚೈನ್ ಬಿಗಿಯಬೇಕು. ಹಗ್ಗದ ಕೆಲಸ ಅಲ್ಲ ಅದು.

ಚಕ್ರದ ಮೇಲೆ ಎಳೆದೊಯ್ಯೋ ಪುಟ್ಟ ಮಷೀನ್

ಆನ್‌ಲೈನ್‌ನಲ್ಲಿ ಇನ್ನೊಂದು ಥರದ್ದು ಕಾಣುತ್ತೆ. ಎರಡು ಚಕ್ರ, ಒಂದು ಸಣ್ಣ ಎಂಜಿನ್, ಹಿಂದೆ ಕೊಕ್ಕೆ. ಗಾಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗೋದು. ಬೆಲೆ ಕಡಿಮೆ, ಟ್ರೇಲರ್ ಖರ್ಚಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಸ್ವಂತ ಓಟ ಇಲ್ಲ. ಅಗೆಯುತ್ತಾ ಮುಂದೆ ಹೋಗಬೇಕಾದರೆ ಬಕೆಟ್ ನೆಲಕ್ಕೂರಿ ತನ್ನನ್ನು ತಾನೇ ತಳ್ಳಿಕೊಳ್ಳಬೇಕು. ಸ್ವಂತ ತೋಟದಲ್ಲಿ ವರ್ಷಕ್ಕೆ ನಾಲ್ಕು ಗುಂಡಿ ತೆಗೆಯೋಕೆ ಅಡ್ಡಿಯಿಲ್ಲ. ಗಂಟೆ ಲೆಕ್ಕದ ಬಾಡಿಗೆಗೆ ಇದು ಆಗೋದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಎಳೆಯೋಕೆ ಅದಕ್ಕೆ ನೋಂದಣಿ ಸಿಗುತ್ತಾ ಅಂತ ಆರ್‌ಟಿಒದಲ್ಲಿ ವಿಚಾರಿಸದೆ ದುಡ್ಡು ಕೊಡಬೇಡಿ. ಬಿಡಿಭಾಗ ಎಲ್ಲಿ ಸಿಗುತ್ತೆ ಅನ್ನೋದನ್ನೂ ಕೇಳಿ. ಒಂದು ಸೀಲ್‌ಗೋಸ್ಕರ ತಿಂಗಳುಗಟ್ಟಲೆ ಕಾಯೋ ಮಷೀನ್ ಅಗ್ಗದ್ದಲ್ಲ.

ನಿಮ್ಮ ನೆಲಕ್ಕೆ, ನಿಮ್ಮ ಕೆಲಸಕ್ಕೆ ಏನು ಬೇಕು?

ಪೇಟೆಯ ಕಾಂಕ್ರೀಟ್ ರಸ್ತೆ, ಮನೆ ಅಂಗಳದ ಕೆಲಸ ಜಾಸ್ತಿ ಇದ್ದರೆ ರಬ್ಬರ್ ಟ್ರ್ಯಾಕ್ ಒಳ್ಳೇದು, ನೆಲ ಕೀಳೋದಿಲ್ಲ. ಜಂಬಿಟ್ಟಿಗೆ, ಚೂಪು ಕಲ್ಲಿನ ಜಾಗದಲ್ಲಿ ರಬ್ಬರ್ ಬೇಗ ಸೀಳುತ್ತೆ; ಅಲ್ಲಿ ಕಬ್ಬಿಣದ ಚೈನೇ ಗತಿ.

ಗೋಡೆ ಪಕ್ಕ ಅಗೆಯೋರು ಎರಡು ವಿಷಯ ನೋಡಬೇಕು. ಒಂದು, ತಿರುಗಿದಾಗ ಹಿಂಭಾಗ ಚೈನಿನ ಅಗಲ ಮೀರಿ ಎಷ್ಟು ಹೊರಗೆ ಬರುತ್ತೆ ಅನ್ನೋದು. ಇನ್ನೊಂದು, ತೋಳನ್ನು ಬುಡದಲ್ಲೇ ಎಡಕ್ಕೆ ಬಲಕ್ಕೆ ತಿರುಗಿಸೋ ಸೌಲಭ್ಯ. ಅದಿದ್ದರೆ ಗೋಡೆಗೆ ಸಮಾನಾಂತರವಾಗಿ ಕಾಲುವೆ ತೆಗೀಬಹುದು.

ಬ್ರೇಕರ್, ಗುಂಡಿ ಕೊರೆಯೋ ಆಗರ್ ಜೋಡಿಸೋಕೆ ಹೆಚ್ಚುವರಿ ಹೈಡ್ರಾಲಿಕ್ ಲೈನ್ ಬೇಕು. ಅದನ್ನು ಕೊಳ್ಳುವಾಗಲೇ ಹಾಕಿಸಿಕೊಳ್ಳಿ. ಮುಂದಿನ ಬ್ಲೇಡ್ ಇಲ್ಲದ ಮಷೀನ್ ಬೇಡ. ಪೈಪ್ ಹಾಕಿದ ಮೇಲೆ ಮಣ್ಣು ಮುಚ್ಚೋದು ಅದೇ. ಒಂದು ಅಡಿಯ ಕಿರಿದಾದ ಬಕೆಟ್ ಒಂದಿರಲಿ. ಪೈಪ್‌ಲೈನ್‌ಗೆ ಎರಡು ಅಡಿ ಬಕೆಟ್ ಹಾಕಿದರೆ ತೆಗೆಯೋದು, ಮುಚ್ಚೋದು ಎರಡೂ ಡಬಲ್.

ಕಂತಿನ ಲೆಕ್ಕ

ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಉದಾಹರಣೆಯ ಅಂಕಿ ಇಟ್ಟಿದ್ದೇವೆ. ನಿಮ್ಮ ಕೊಟೇಶನ್, ನಿಮ್ಮ ಊರಿನ ಬಾಡಿಗೆ ಹಾಕಿ ನೀವೇ ಮತ್ತೊಮ್ಮೆ ಮಾಡಿ.

ಸಾಲ 16 ಲಕ್ಷ, ಬಡ್ಡಿ ಶೇ. 12, ಅವಧಿ 48 ತಿಂಗಳು. ಕಂತು ಸುಮಾರು 42,100 ರೂ. ಆಪರೇಟರ್ ಸಂಬಳ 22,000, ಇನ್ಶೂರೆನ್ಸ್ ಇತ್ಯಾದಿ 3,000 ಅಂತಿಟ್ಟರೆ ತಿಂಗಳಿಗೆ 67,100 ರೂ. ಮಷೀನ್ ನಿಂತಿದ್ದರೂ ಕಟ್ಟಲೇಬೇಕು.

ಬಾಡಿಗೆ ಗಂಟೆಗೆ 1,000 ರೂ. ಅಂತಿಟ್ಟುಕೊಳ್ಳಿ. ಎರಡು ಟನ್ ಮಷೀನ್ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್ ಕುಡಿದರೆ, ಲೀಟರಿಗೆ 90ರಂತೆ 225 ರೂ. ಸರ್ವಿಸ್, ಗ್ರೀಸ್, ಚೈನ್ ಸವಕಳಿಗೆ 150. ಉಳಿಯೋದು 625. ಅಂದರೆ ವರ್ಷದ ಖರ್ಚು ಸರಿದೂಗಿಸಲು ಸುಮಾರು 1,290 ಗಂಟೆ ಓಡಬೇಕು.

ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಗೆತದ ಕೆಲಸ ಹೆಚ್ಚುಕಡಿಮೆ ಬಂದ್. ಉಳಿದ ಎಂಟು ತಿಂಗಳಲ್ಲೇ ಅಷ್ಟೂ ಗಂಟೆ ಮುಗಿಸಬೇಕು. ತಿಂಗಳಿಗೆ 161 ಗಂಟೆ, ದಿನಕ್ಕೆ ಆರು ಗಂಟೆ ಮೇಲೆ. ಇಷ್ಟು ಓಡಿದರೆ ನಷ್ಟ ಇಲ್ಲ ಅಷ್ಟೇ. ಮನೆಗೆ ಒಂದು ರೂಪಾಯಿಯೂ ಬಂದಿಲ್ಲ. ಸಾಗಣೆಯನ್ನು ಈ ಲೆಕ್ಕಕ್ಕೆ ಸೇರಿಸಿಯೂ ಇಲ್ಲ. ಮೂರು ಗಂಟೆ ಕೆಲಸಕ್ಕೆ ಹೋಗಿಬರೋ ಗಾಡಿ ಬಾಡಿಗೆ 2,000 ಕೊಟ್ಟರೆ 3,000ದಲ್ಲಿ ಉಳಿಯೋದು ಏನು? ಅದಕ್ಕೇ ಸಾಗಣೆ ಬೇರೆ, ಗಂಟೆ ಬಾಡಿಗೆ ಬೇರೆ ಅಂತ ಗಿರಾಕಿಗೆ ಮೊದಲೇ ಹೇಳಿ. ಇಲ್ಲವೇ ಕನಿಷ್ಠ ಐದು ಗಂಟೆ ಅಂತ ನಿಯಮ ಮಾಡಿಕೊಳ್ಳಿ.

ಸಾಲ ಕೊಡೋರ ಹತ್ತಿರ ಮಳೆಗಾಲದ ಕಂತು ಕಡಿಮೆ, ಬೇಸಿಗೆ ಕಂತು ಹೆಚ್ಚು ಮಾಡಿಕೊಡ್ತೀರಾ ಅಂತ ಕೇಳೋದ್ರಲ್ಲಿ ತಪ್ಪಿಲ್ಲ. ಮಷೀನ್ ಮೇಲೆ ಶೇ. 18 ಜಿಎಸ್‌ಟಿ ಇದೆ. ಕೊಟೇಶನ್‌ನಲ್ಲಿ ಸೇರಿದೆಯಾ ನೋಡಿ. ಸೇವೆಯಿಂದ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಈಗಾಗಲೇ ನೋಂದಣಿ ಇರೋ ಅಂಗಡಿಯವರು ಈ ತೆರಿಗೆಯನ್ನು ಹೇಗೆ ಹೊಂದಿಸಿಕೊಳ್ಳೋದು ಅಂತ ಕೊಳ್ಳೋ ಮೊದಲೇ ತಮ್ಮ ಲೆಕ್ಕಿಗರನ್ನು ಕೇಳಲಿ.

ಸೆಕೆಂಡ್ ಹ್ಯಾಂಡ್ ಆದರೆ

- ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಪಡಿ.
- ಅರ್ಧ ಗಂಟೆ ಓಡಿಸಿ. ಹೈಡ್ರಾಲಿಕ್ ಎಣ್ಣೆ ಬಿಸಿಯಾದ ಮೇಲೆ ಶಕ್ತಿ ಕುಗ್ಗಿದರೆ ಪಂಪ್ ಸೋತಿದೆ ಅಂತ ಅರ್ಥ.
- ತೋಳು ಎತ್ತಿ ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ನೋಡಿ. ಬೇಗ ಕೆಳಗಿಳಿದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ತೊಂದರೆ.
- ಬಕೆಟ್ ಹಿಡಿದು ಅಲ್ಲಾಡಿಸಿ. ಪಿನ್, ಬುಷ್ ಲೊಡಲೊಡ ಅಂದರೆ ಮೀಟರ್ ತೋರಿಸೋ ಗಂಟೆಯನ್ನು ನಂಬಬೇಡಿ.
- ಸಮತಟ್ಟಲ್ಲಿ ನೇರಕ್ಕೆ ಓಡಿಸಿ. ಒಂದೇ ಕಡೆಗೆ ಎಳೆದರೆ ಚೈನ್ ಮೋಟರ್ ನೋಡಿಸಬೇಕು.
- ಮೂಲ ಬಿಲ್, ಚಾಸಿಸ್ ನಂಬರ್, ಸಾಲ ತೀರಿದ ಎನ್‌ಒಸಿ ಇಲ್ಲದೆ ಮುಂಗಡ ಬೇಡ. ಹಳೇ ಸಾಲ ಬಾಕಿ ಇದ್ದರೆ ಫೈನಾನ್ಸ್‌ನವರು ನಿಮ್ಮ ಅಂಗಳಕ್ಕೇ ಬರ್ತಾರೆ.

ಮಷೀನ್ ಠಾಣೆ ಸೇರದಿರಲಿ

ಮರಳು, ಮಣ್ಣು ಸಾಗಾಟಕ್ಕೆ ಅನುಮತಿ ಇದೆಯಾ ಅಂತ ಕೇಳದೆ ಬಾಡಿಗೆಗೆ ಹೋದರೆ ಅಕ್ರಮ ಗಣಿಗಾರಿಕೆ ಕೇಸಲ್ಲಿ ಜಪ್ತಿಯಾಗೋದು ನಿಮ್ಮ ಮಷೀನ್. ಅರಣ್ಯ ಜಾಗದ ಅಂಚಲ್ಲೂ ಅಷ್ಟೇ. "ಇದು ನಮ್ಮದೇ ಜಾಗ" ಅಂತ ಜಮೀನಿನವರು ಹೇಳಿದರೆ ಸಾಲದು, ಪಹಣಿ, ನಕ್ಷೆ ನೋಡಿ. ಜಪ್ತಿಯಾದ ಮಷೀನಿಗೂ ಕಂತು ತಪ್ಪೋದಿಲ್ಲ.

ರಸ್ತೆ ಬದಿ ಅಗೆಯೋ ಮೊದಲು ಕೇಬಲ್, ನೀರಿನ ಪೈಪ್ ಎಲ್ಲಿದೆ ಅಂತ ಪಂಚಾಯ್ತಿ, ಮೆಸ್ಕಾಂನಲ್ಲಿ ಕೇಳಿ. ಕೇಂದ್ರ ಸರ್ಕಾರ 2023ರಲ್ಲಿ "ಕಾಲ್ ಬಿಫೋರ್ ಯೂ ಡಿಗ್" ಅನ್ನೋ ಆ್ಯಪ್ ಬಿಟ್ಟಿದ್ದು ಇದಕ್ಕೇ. ಇನ್ಶೂರೆನ್ಸ್‌ನಲ್ಲಿ "ಕಾಂಟ್ರಾಕ್ಟರ್ಸ್ ಪ್ಲಾಂಟ್ ಅಂಡ್ ಮೆಷಿನರಿ" ಪಾಲಿಸಿ ಅಂತ ಇದೆ. ಗಾಡಿ ಮೇಲೆ ಸಾಗಿಸುವಾಗ ಆಗೋ ಹಾನಿಯೂ ಅದರಲ್ಲಿ ಸೇರಿದೆಯಾ ಅಂತ ಬರಹದಲ್ಲಿ ಕೇಳಿ ಪಡೆಯಿರಿ.

ಅಂಗಡಿಯವರಿಗೆ ಒಂದು ಮಾತು

ಸಿಮೆಂಟ್, ಹಾರ್ಡ್‌ವೇರ್ ಅಂಗಡಿಯವರು ಮಷೀನ್ ಇಟ್ಟರೆ ಗಿರಾಕಿ ಹುಡುಕೋ ಕಷ್ಟ ಇಲ್ಲ. ಪಾಯ ತೆಗೆಸೋರು ಹೇಗೂ ಅಂಗಡಿಗೇ ಬರ್ತಾರೆ. ಕಷ್ಟ ಇರೋದು ಉದ್ರಿಯಲ್ಲಿ. ಸಿಮೆಂಟ್ ಉದ್ರಿ ಜೊತೆ ಮಷೀನ್ ಬಾಡಿಗೆ ಉದ್ರಿಯೂ ಸೇರಿದರೆ ಡೀಸೆಲ್ ದುಡ್ಡು ಕೈಯಿಂದ ಹೋಗುತ್ತೆ. ಬಾಡಿಗೆಗೆ ಬೇರೆ ಪುಸ್ತಕ ಇಡಿ. ಕೆಲಸ ಶುರುವಾದಾಗ, ಮುಗಿದಾಗ ಮೀಟರ್ ಎಷ್ಟಿತ್ತು ಅಂತ ಬರೆದು ಗಿರಾಕಿ ಸಹಿ ಹಾಕಿಸಿ. ಪರಿಚಯದವರೇ ಆದರೂ ಆಪರೇಟರ್ ಇಲ್ಲದೆ ಮಷೀನ್ ಕೊಡಬೇಡಿ.

ಮುಂಗಡ ಕೊಡೋ ಮೊದಲು

ಈ ಐದು ಪ್ರಶ್ನೆಗೆ ಉತ್ತರ ಕಾಗದದ ಮೇಲೆ ಬರೆದಿಡಿ:

1. ಬಕೆಟ್, ಬ್ರೇಕರ್ ಸೇರಿ ಒಟ್ಟು ತೂಕ ಎಷ್ಟು, ಅದನ್ನು ಹೊರೋ ಗಾಡಿ ಯಾರದ್ದು?
2. ಮೆಕ್ಯಾನಿಕ್ ಎಲ್ಲಿಂದ ಬರ್ತಾನೆ, ಎಷ್ಟು ದಿನಕ್ಕೆ ಬರ್ತಾನೆ?
3. ಹೈಡ್ರಾಲಿಕ್ ಹೋಸ್ ಒಡೆದರೆ ಹತ್ತಿರದಲ್ಲಿ ಎಲ್ಲಿ ಮಾಡಿಸಬಹುದು?
4. ಒಳ್ಳೆ ಆಪರೇಟರ್ ಸಿಕ್ಕಿದ್ದಾನಾ?
5. ಮಳೆಗಾಲದ ನಾಲ್ಕು ಕಂತಿಗೆ ದುಡ್ಡು ಎಲ್ಲಿದೆ?

ಐದರಲ್ಲಿ ಎರಡಕ್ಕೆ ಉತ್ತರ ಸಿಗದಿದ್ದರೆ ಈ ವರ್ಷ ಮಷೀನ್ ಬಾಡಿಗೆಗೆ ತಂದು ಕೆಲಸ ಮಾಡಿಸಿ. ನಿಮ್ಮೂರಲ್ಲಿ ವರ್ಷಕ್ಕೆ ಎಷ್ಟು ಗಂಟೆ ಕೆಲಸ ಸಿಗುತ್ತೆ ಅನ್ನೋದು ಆಗ ಗೊತ್ತಾಗುತ್ತೆ. 1,290 ಗಂಟೆ ಹತ್ತಿರ ಬಂದರೆ ಮುಂದಿನ ದೀಪಾವಳಿ ಹೊತ್ತಿಗೆ, ಮಳೆ ಕಳೆದು ಕೆಲಸ ಶುರುವಾಗೋ ವೇಳೆಗೆ ಕೊಳ್ಳಿ. ಮೇ ಕೊನೆಯಲ್ಲಿ ಆಫರ್ ಇದೆ ಅಂತ ಕೊಂಡರೆ ಮೊದಲ ನಾಲ್ಕು ಕಂತು ಶೆಡ್ಡಿನಲ್ಲಿ ನಿಂತ ಮಷೀನಿಗೆ ಕಟ್ಟಬೇಕಾಗುತ್ತೆ.