ರಾಯರ ತಲೆಯ ಮೇಲಿನ ಕುಲಾವಿ

ಕೃಷ್ಣದೇವರಾಯ ಅಂದ ಕೂಡಲೇ ನಿಮ್ಮ ಕಣ್ಣೆದುರು ಬರುವ ಚಿತ್ರ ಯಾವುದು? ನಮ್ಮ ತಲೆಮಾರಿನವರಿಗೆ ಮುಖವೇನೋ ರಾಜ್‌ಕುಮಾರ್ ಅವರದ್ದು. 1970ರಲ್ಲಿ ಬಿ.ಆರ್. ಪಂತುಲು ಅವರು ತೆಗೆದ 'ಶ್ರೀ ಕೃಷ್ಣದೇವರಾಯ'ದ ಉಪಕಾರ ಅದು. ಆದರೆ ತಲೆಯ ಮೇಲೆ ಏನಿದೆ ಎಂದು ಕೇಳಿದರೆ ಬಹಳಷ್ಟು ಮಂದಿ ಯೋಚಿಸದೆ "ಕಿರೀಟ" ಅನ್ನುತ್ತಾರೆ. ಚಿನ್ನದ ಬಣ್ಣ ಬಳಿದು, ಕೆಂಪು ಹಸಿರು ಗಾಜಿನ ಹರಳು ಅಂಟಿಸಿದ ಕಿರೀಟ. ರಾಜ್ಯೋತ್ಸವದ ಮೆರವಣಿಗೆ, ಸಂಘದ ನಾಟಕ, ಸ್ಕೂಲಿನ ಫ್ಯಾನ್ಸಿ ಡ್ರೆಸ್... ಎಲ್ಲಾ ಕಡೆ ಅದೇ. ಹೊರನಾಡಿನಲ್ಲಿರುವ ನಾವಂತೂ ವರ್ಷಕ್ಕೊಮ್ಮೆ ಯಾರಾದರೊಬ್ಬ ಹುಡುಗನನ್ನು ರಾಯನನ್ನಾಗಿ ಮಾಡದೆ ನವೆಂಬರ್ ದಾಟಿಸುವುದಿಲ್ಲ.

ನಾನು ಬ್ಯಾಂಕಿನವನು. ವೌಚರ್ ಇಲ್ಲದೆ ಎಂಟ್ರಿ ಹಾಕುವ ಅಭ್ಯಾಸ ಇಲ್ಲ. ಈ ಕಿರೀಟಕ್ಕೆ ವೌಚರ್ ಎಲ್ಲಿದೆ ಅಂತ ಹುಡುಕುತ್ತಾ ಹೋದರೆ ಸಿಗುವುದೆಲ್ಲಾ ಇನ್ನೊಂದು ವಸ್ತುವಿನದ್ದು.

ಮೊದಲನೆಯದು ತಿರುಮಲೆಯಲ್ಲಿದೆ. ಮಹಾದ್ವಾರ ದಾಟಿದ ಕೂಡಲೇ ಸಿಗುವ ಪ್ರತಿಮಾ ಮಂಟಪದಲ್ಲಿ ಕೃಷ್ಣದೇವರಾಯ, ತಿರುಮಲದೇವಿ, ಚಿನ್ನಾದೇವಿ ಮೂವರೂ ಕೈಮುಗಿದು ನಿಂತಿದ್ದಾರೆ. ಲೋಹದ ಪ್ರತಿಮೆಗಳು, ರಾಯನ ಕಾಲದ್ದೇ. ಕ್ಯೂನ ತಳ್ಳಾಟದಲ್ಲಿ ನಾವು ಆ ಕಡೆ ನೋಡುವುದೇ ಕಡಿಮೆ. ಮುಂದಿನ ಸಲ ಹೋದಾಗ ಒಂದೇ ಒಂದು ಕ್ಷಣ ತಲೆ ಆ ಕಡೆ ತಿರುಗಿಸಿ. ರಾಯನ ಮೈಮೇಲೆ ಅಂಗಿ ಇಲ್ಲ, ಕೊರಳಲ್ಲಿ ಹಾರಗಳಿವೆ, ಸೊಂಟಕ್ಕೆ ಪಂಚೆ ಇದೆ. ತಲೆಯ ಮೇಲಿರುವುದು ಕಿರೀಟವಲ್ಲ. ಮೇಲೆ ಹೋದಂತೆ ಸಣ್ಣಗಾಗುವ ಉದ್ದನೆಯ ಟೋಪಿ.

ಎರಡನೆಯದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದು ರಾಯನನ್ನು ಕಣ್ಣಾರೆ ಕಂಡವನು. ರಾಯನ ಮುಖದ ಸಿಡುಬಿನ ಕಲೆಯನ್ನೂ ಬಿಡದೆ ಬರೆದಿಟ್ಟ ಮನುಷ್ಯ, ಹಾಗಾಗಿ ಮುಖಸ್ತುತಿಯ ಅನುಮಾನ ಬೇಡ. ಅವನ ಪ್ರಕಾರ ರಾಯ ಉಟ್ಟಿದ್ದು ಚಿನ್ನದ ದಾರದಲ್ಲಿ ಗುಲಾಬಿ ಹೂವು ಕಸೂತಿ ಮಾಡಿದ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಆಭರಣ, ತಲೆಗೆ ಜರತಾರಿಯ ಟೋಪಿ. ಆ ಟೋಪಿಯ ಆಕಾರ ತಮ್ಮ ಕಡೆಯ ಗಲೀಸಿಯಾದ ಶಿರಸ್ತ್ರಾಣದಂತಿತ್ತು ಅಂತ ಹೋಲಿಕೆ ಕೊಡುತ್ತಾನೆ. ಅವನ ನಂತರ, 1535ರ ಸುಮಾರಿಗೆ ಅಚ್ಯುತರಾಯನ ಕಾಲದಲ್ಲಿ ಬರೆದ ಕುದುರೆ ವ್ಯಾಪಾರಿ ನೂನಿಜ್ ಆ ಟೋಪಿಯ ಹೆಸರನ್ನೂ ಬೆಲೆಯನ್ನೂ ಕೊಟ್ಟಿದ್ದಾನೆ. ಒಂದಕ್ಕೆ ಸುಮಾರು 20 ಕ್ರುಜಾಡೊ (ಪೋರ್ಚುಗಲ್ಲಿನ ಚಿನ್ನದ ನಾಣ್ಯ), ಹೆಸರು 'ಕುಲಾಯಿ'. ಅರಸ ಒಮ್ಮೆ ತಲೆಯಿಂದ ತೆಗೆದಿಟ್ಟನೆಂದರೆ ಅದನ್ನು ಮತ್ತೆ ಇಡುತ್ತಿರಲಿಲ್ಲವಂತೆ!

ಮೂರನೆಯದಕ್ಕೆ ಲೇಪಾಕ್ಷಿಗೆ ಹೋಗಬೇಕು. ಹಿಂದೂಪುರದ ಹತ್ತಿರ, ಬೆಂಗಳೂರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದು. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರ ದೇವಾಲಯದ ಚಾವಣಿ ಚಿತ್ರಗಳಲ್ಲಿ ಅವರೂ ಅವರ ಪರಿವಾರದವರೂ ಸಾಲಾಗಿ ನಿಂತಿದ್ದಾರೆ. ತಲೆಗಳ ಮೇಲೆ ಅದೇ ಉದ್ದ ಟೋಪಿ. ಅಂದರೆ ಇದು ರಾಯನೊಬ್ಬನ ಶೋಕಿಯಲ್ಲ, ಆಸ್ಥಾನಿಕರ ಉಡುಪು.

ಕುಲಾಯಿ, ಕುಲ್ಲಾಯಿ... ಎಲ್ಲೋ ಕೇಳಿದ ಹಾಗಿದೆಯಲ್ಲ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡ ಅಂತ ನಮ್ಮಜ್ಜಿಯಂದಿರು ಬೈಯುತ್ತಿದ್ದರಲ್ಲ, ಆ ಕುಲಾವಿಯೇ! ಮೂಲ ಪಾರ್ಸಿಯ 'ಕುಲಾಹ್', ಟೋಪಿ ಎಂದರ್ಥ. ಅದರ ಜೊತೆಗೆ ತೊಡುತ್ತಿದ್ದ ನಿಲುವಂಗಿ 'ಕಬಾಯಿ', ಅದು ಅರಬ್ಬಿಯ 'ಕಬಾ'ದಿಂದ ಬಂದದ್ದು. ಸಾಮ್ರಾಟರ ತಲೆಯಲ್ಲಿದ್ದ ಮಾತು ಇಳಿದು ಇಳಿದು ತೊಟ್ಟಿಲ ಕೂಸಿನ ತಲೆಗೆ ಬಂದು ಕೂತಿದೆ. ಹೀಗಾಗಿ ರಾಯನಿಗೆ ಕುಲಾವಿ ಇಟ್ಟಿದ್ದರು ಅಂದರೆ ನಗು ಬರುವುದು ಸಹಜ.

ನಗುವಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಉಪನಗರದ ಕನ್ನಡಿಗರು ಸೇರಿ ರಾಜ್ಯೋತ್ಸವಕ್ಕೆ ಭುವನವಿಜಯದ ದೃಶ್ಯ ಮಾಡಿದೆವು. ರಾಯನ ಪಾತ್ರದ ಹುಡುಗನಿಗೆ ನಾನೇ ಹಠ ಹಿಡಿದು ಕುಲಾವಿ ಮಾಡಿಸಿದೆ. ಡ್ರಾಯಿಂಗ್ ಶೀಟು ಸುತ್ತಿ, ಮನೆಯಲ್ಲಿದ್ದ ಜರಿಯ ರವಿಕೆ ಕಣ ಅಂಟಿಸಿದ್ದು. ಪರದೆ ಎದ್ದ ತಕ್ಷಣ ಮುಂದಿನ ಸಾಲಿನ ಮಕ್ಕಳು "ಹ್ಯಾಪಿ ಬರ್ತ್‌ಡೇ" ಅಂತ ಕೂಗಿದವು. :) ಅದನ್ನು ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದ್ದು ಆಮೇಲೆ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು. "ಏನ್ರೀ ಇದು, ಹಿಂದೂ ಸಾಮ್ರಾಜ್ಯದ ದೊರೆಗೆ ತುರುಕರ ಟೋಪಿ ಹಾಕಿಸಿದ್ರಲ್ಲ!"

ಅವರು ಕೆಟ್ಟವರಲ್ಲ. ಅವರ ಪ್ರಶ್ನೆಗೆ ಉತ್ತರ ಬೇಕು, ಅಷ್ಟೇ. ತಿರುಮಲೆಯ ಪ್ರತಿಮೆಯನ್ನೇ ಇನ್ನೊಮ್ಮೆ ನೆನಪಿಸಿಕೊಳ್ಳಿ. ದೇವರೆದುರು ನಿಲ್ಲುವಾಗ ರಾಯನ ಮೈಮೇಲೆ ಕಬಾಯಿ ಇಲ್ಲ, ಬರಿಮೈ. ಆದರೆ ಕುಲಾವಿ ಉಳಿದಿದೆ! ಅದು ಪರರದ್ದು, ಮೈಲಿಗೆಯದ್ದು ಅನ್ನಿಸಿದ್ದರೆ ಅಂಗಿಗಿಂತ ಮೊದಲು ತೆಗೆಯುತ್ತಿದ್ದದ್ದು ಅದನ್ನಲ್ಲವೇ? ತನ್ನ ಇಷ್ಟದೈವದ ಎದುರು ಸದಾಕಾಲ ಹೀಗೇ ಕಾಣಿಸಿಕೊಳ್ಳಬೇಕು ಅಂತ ಅವನೇ ಮಾಡಿಸಿದ ರೂಪ ಅದು. ಬುಕ್ಕರಾಯನ ಕಾಲದ ಶಾಸನಗಳಲ್ಲೇ 'ಹಿಂದೂರಾಯ ಸುರತ್ರಾಣ' ಎಂಬ ಬಿರುದಿದೆ. ನಾವೆಲ್ಲ ಎದೆಯುಬ್ಬಿಸಿ ಹೇಳುವ ಬಿರುದು. ಆ 'ಸುರತ್ರಾಣ' ಬೇರೇನಲ್ಲ, ಸಂಸ್ಕೃತದ ಉಡುಪು ತೊಟ್ಟ 'ಸುಲ್ತಾನ'! ಅಮೆರಿಕಾದ ವಿದ್ವಾಂಸ ಫಿಲಿಪ್ ವ್ಯಾಗನರ್ 1996ರಲ್ಲಿ ಈ ಟೋಪಿ, ನಿಲುವಂಗಿ, ಬಿರುದು ಮೂರನ್ನೂ ಸೇರಿಸಿ ಒಂದು ಒಳ್ಳೆಯ ಪ್ರಬಂಧ ಬರೆದಿದ್ದಾರೆ. ಅವರ ವಾದ ಇಷ್ಟು: ಅಂದಿನ ದೊಡ್ಡ ದೊಡ್ಡ ಆಸ್ಥಾನಗಳ ನಡುವೆ ಸರಿಸಮನಾಗಿ ಕಾಣಿಸಿಕೊಳ್ಳಲು ತೊಟ್ಟ ಉಡುಪು ಇದು, ಧರ್ಮ ಬಿಟ್ಟದ್ದರ ಗುರುತಲ್ಲ. ನನಗೆ ಇದು ಪೂರ್ತಿ ಒಪ್ಪಿಗೆ. ನಮ್ಮ ಬ್ಯಾಂಕಿನ ದೊಡ್ಡವರು ಬೋರ್ಡ್ ಮೀಟಿಂಗಿಗೆ ಸೂಟು ಬೂಟು ಹಾಕಿಕೊಂಡು ಬಂದರೆ ಇವರು ಇಂಗ್ಲಿಷರವರಾದರು ಅಂತ ಯಾರಾದರೂ ಅನ್ನುತ್ತಾರೆಯೇ?

ಊರು ಬಿಟ್ಟು ಬಂದ ನಮ್ಮಂಥವರಿಗೆ ಹಿಡಿಸುವ ಇನ್ನೊಂದು ಸಂಗತಿ ಇದೆ. 15ನೇ ಶತಮಾನದ ದೊಡ್ಡ ತೆಲುಗು ಕವಿ ಶ್ರೀನಾಥ ಪ್ರೌಢದೇವರಾಯನ ಆಸ್ಥಾನಕ್ಕೆ ಬಂದಿದ್ದನಷ್ಟೆ? ಇಲ್ಲಿ ತಾನು ಕುಲ್ಲಾಯಿ ಇಟ್ಟುಕೊಳ್ಳಬೇಕಾಯಿತು, ಇಲ್ಲಿನ ಊಟ ಉಣ್ಣಬೇಕಾಯಿತು ಅಂತ ಗೊಣಗುವ ಒಂದು ಚಾಟು ಪದ್ಯ ಅವನ ಹೆಸರಿನಲ್ಲಿದೆ. 1998ರಲ್ಲಿ ಮುಂಬಯಿಗೆ ಟ್ರಾನ್ಸ್‌ಫರ್ ಆಗಿ ಬಂದು ಮೊದಲ ತಿಂಗಳು ವಡಾಪಾವ್ ತಿಂದುಕೊಂಡಿದ್ದ ನನಗೆ ಆ ಕವಿಯ ಮೇಲೆ ವಿಶೇಷ ಮಮತೆ. ತೆಲುಗು ನಾಡಿನಿಂದ ಬಂದವನ ಕಣ್ಣಿಗೆ ಕುಲ್ಲಾಯಿ ತುರುಕರ ಗುರುತಾಗಿ ಕಾಣಲಿಲ್ಲ, ಕನ್ನಡ ರಾಜ್ಯದ ಗುರುತಾಗಿ ಕಂಡಿತು ಅನ್ನುವುದನ್ನು ಗಮನಿಸಿ.

ಹೆಂಗಸರ ವಿಷಯ ಇದಕ್ಕಿಂತ ಸೋಜಿಗದ್ದು. ಮಹಾನವಮಿಯ ದಿನ ಅಂತಃಪುರದ ಹೆಂಗಸರು ಚಿನ್ನದ ಪಾತ್ರೆ ಹಿಡಿದು ಸಾಲಾಗಿ ಬರುವುದನ್ನು ಪಾಯಸ್ ವರ್ಣಿಸಿದ್ದಾನಲ್ಲ, ಅಲ್ಲಿ ಅವರ ತಲೆಯ ಮೇಲೂ ಎತ್ತರದ ಕುಲಾಯಿಗಳಿವೆ! ಅದರ ಮೇಲೆ ದೊಡ್ಡ ಮುತ್ತುಗಳಿಂದ ಮಾಡಿದ ಹೂವುಗಳು. ಕೊರಳಿಗೆ ಪಚ್ಚೆ, ವಜ್ರ, ಮಾಣಿಕ್ಯದ ಆಭರಣ, ಮುತ್ತಿನ ಸರಗಳು, ತೋಳಿಗೆ ಬಂದಿ, ಸೊಂಟಕ್ಕೆ ಒಂದರ ಕೆಳಗೊಂದರಂತೆ ತೊಡೆಯವರೆಗೆ ಇಳಿದ ಡಾಬುಗಳು, ಕಾಲಿಗೆ ಕಡಗ. ಭಾರ ತಾಳಲಾರದೆ ಎಷ್ಟೋ ಜನರಿಗೆ ನಡೆಯುವುದಕ್ಕೇ ಆಗುತ್ತಿರಲಿಲ್ಲ. ಜೊತೆಗಿದ್ದ ಹೆಂಗಸರು ತೋಳು ಹಿಡಿದು ನಡೆಸುತ್ತಿದ್ದರಂತೆ. ನಮ್ಮ ಟ್ಯಾಬ್ಲೋಗಳ ವಿಜಯನಗರದ ರಾಣಿಯರು ಮೈಸೂರು ಸಿಲ್ಕ್ ಸೀರೆಗೆ ಸೇಫ್ಟಿ ಪಿನ್ ಚುಚ್ಚಿಕೊಂಡು ಬರುತ್ತಾರೆ. ಆ ಪಿನ್ನಿಗೆ ಪೇಟೆಂಟ್ ಆದದ್ದು 1849ರಲ್ಲಿ, ಅಮೆರಿಕಾದಲ್ಲಿ. ಪಿನ್ನು ಇರಲಿ ಬಿಡಿ, ಯಾರ ಕಣ್ಣಿಗೂ ಬೀಳುವುದಿಲ್ಲ. ತಲೆಯ ಮೇಲಿನ ಟೋಪಿ ಹಾಗಲ್ಲ, ಹಿಂದಿನ ಸಾಲಿನವರಿಗೂ ಕಾಣುತ್ತದೆ.

ಅಮೆರಿಕಾದಲ್ಲಿ 1861-65ರ ಅಂತರ್ಯುದ್ಧವನ್ನು ವೇಷ ತೊಟ್ಟು ಮತ್ತೆ ಆಡಿ ತೋರಿಸುವ ಹವ್ಯಾಸಿಗಳಿದ್ದಾರೆ. ಅವರಲ್ಲಿ ಸಹಸೈನಿಕನ ಕೋಟಿನ ಹೊಲಿಗೆ ಎಣಿಸುವವರೂ ಇದ್ದಾರೆ. ವೇಷ ಕಾಲಕ್ಕೆ ಸರಿಹೊಂದದವನಿಗೆ 'ಫಾರ್ಬ್' ಅಂತ ಬೈಗುಳ ಬೇರೆ. ಅಷ್ಟು ದೂರ ಹೋಗಿ ಅಂತ ನಾನು ಹೇಳುತ್ತಿಲ್ಲ. ಸಂಘದ ಬಜೆಟ್ಟು ನನಗೆ ಗೊತ್ತಿದೆ, ಲೆಕ್ಕ ಬರೆಯುವವನು ನಾನೇ.

ಹಾಗಾದರೆ ಈ ಕಿರೀಟ ಬಂದದ್ದೆಲ್ಲಿಂದ? ನನ್ನ ಅಂದಾಜು ಹೇಳುತ್ತೇನೆ. ನಾಟಕ ಕಂಪನಿಯ ಪೆಟ್ಟಿಗೆಯಲ್ಲಿದ್ದದ್ದು ಪೌರಾಣಿಕ ನಾಟಕಗಳ ಕಿರೀಟ. ರಾಮನಿಗೂ ಅದೇ, ದುರ್ಯೋಧನನಿಗೂ ಅದೇ, ಐತಿಹಾಸಿಕ ನಾಟಕ ಬಂದಾಗ ರಾಯನಿಗೂ ಅದೇ. ಇನ್ನೊಂದು ಕಡೆ 1894ರಲ್ಲಿ ಇದೇ ಮುಂಬಯಿಯಲ್ಲಿ ಶುರುವಾದ ರವಿವರ್ಮನ ಛಾಪಖಾನೆಯ ಪಟಗಳು ಮನೆಮನೆಯ ಗೋಡೆಗೆ ಕಿರೀಟಧಾರಿ ದೇವರನ್ನು ತಂದವು, ಆಮೇಲೆ ಕ್ಯಾಲೆಂಡರುಗಳು ಬಂದವು. ರಾಜ ಎಂದರೆ ಹೀಗಿರಬೇಕು ಅಂತ ಕಣ್ಣಿಗೆ ರೂಢಿಯಾಯಿತು. ಬಾಡಿಗೆಗೆ ಡ್ರೆಸ್ ಕೊಡುವ ಅಂಗಡಿಯವನ ಹತ್ತಿರ "ರಾಜಾ ಕಾ ಸೆಟ್" ಅಂದರೆ ಇವತ್ತಿಗೂ ಅವನು ಕೊಡುವುದು ಒಂದೇ ಸೆಟ್ಟು. ಕಿರೀಟ, ಭುಜಕೀರ್ತಿ, ಮುಂದೆ ಕೊಕ್ಕೆಯಂತೆ ಬಾಗಿದ ಮೊಜಡಿ.

ಮೊಜಡಿ ಅಂದಾಗ ನೆನಪಾಯಿತು, ಅದೂ ತಪ್ಪೇ. ಪಾಯಸ್ ಕಂಡಾಗ ರಾಯ ಬರಿಗಾಲಲ್ಲಿದ್ದ. ರಾಯನಿದ್ದಲ್ಲಿಗೆ ಯಾರೂ ಮೆಟ್ಟಿಕೊಂಡು ಹೋಗುವಂತಿರಲಿಲ್ಲ. ಊರಿನಲ್ಲೂ ಹೆಚ್ಚಿನವರು ಬರಿಗಾಲಿನವರೇ. ಚೂಪು ಮೂತಿಯ ಜೋಡುಗಳೂ ಬರೀ ಅಟ್ಟೆಗೆ ಬಾರು ಕಟ್ಟಿದ ಚಪ್ಪಲಿಗಳೂ ಇದ್ದವೆಂದು ಅವನು ಬರೆದಿದ್ದಾನೆ, ಆದರೆ ಅವು ಆಸ್ಥಾನದ ಹೊರಗೆ. ಭುವನವಿಜಯದ ದೃಶ್ಯದಲ್ಲಿ ಅಪ್ಪಾಜಿ ತಿಮ್ಮರಸುವಿನಿಂದ ತೆನಾಲಿ ರಾಮನವರೆಗೆ ಎಲ್ಲರೂ ಬರಿಗಾಲಲ್ಲಿ ಇದ್ದರೆ ಸರಿ. ಸಂಘಕ್ಕೆ ಬಾಡಿಗೆಯೂ ಉಳಿಯಿತು.

ಈ ನವೆಂಬರಿನಲ್ಲಿ ನಿಮ್ಮ ಮನೆಯ ಹುಡುಗನನ್ನೋ ಮೊಮ್ಮಗನನ್ನೋ ರಾಯನನ್ನಾಗಿ ಮಾಡುವುದಿದ್ದರೆ ಖರ್ಚು ಬಹಳ ಇಲ್ಲ. ಮೊಣಕಾಲು ಮುಚ್ಚುವ ಬಿಳಿ ನಿಲುವಂಗಿ, ಎದೆಯ ಮೇಲೆ ಒಂದಷ್ಟು ಜರಿ ಹೂವು. ಕೊರಳಿಗೆ ಅಮ್ಮನ ಕಲ್ಲಿನ ಸರ ಸಾಕು. ಟೋಪಿಗೆ ದಪ್ಪ ಡ್ರಾಯಿಂಗ್ ಶೀಟು, ಮೇಲೆ ಜರತಾರಿ ಬಟ್ಟೆ. ತುದಿ ಮಾತ್ರ ಚೂಪಾಗಿ ಬಿಡಬೇಡಿ, ಒಳಗೆ ಸ್ವಲ್ಪ ಹತ್ತಿ ತುಂಬಿ ದುಂಡಗೆ ಮಾಡಿ. ಬರ್ತ್‌ಡೇ ಕೂಗು ತಪ್ಪುತ್ತದೆ. ಕಾಲಿಗೆ ಏನೂ ಬೇಡ. ಕೈಗಡಿಯಾರ ಮಾತ್ರ ನೆನಪಿಟ್ಟು ಬಿಚ್ಚಿಸಿ.