ಕಿಟಕಿಯ ಹುರಿಯಿಂದ ಶುರುವಾದ ಒಂದು ಹಗ್ಗದ ಕಥೆ

ಅಮೆರಿಕದಲ್ಲಿರುವ ಅಕ್ಕನ ಮಗ ಮೊನ್ನೆ ಫೋನಿನಲ್ಲಿ ಕೇಳಿದ: "ಮಾಮ, ವೇಕ್‌ಬೋರ್ಡಿಂಗ್ ಶುರು ಮಾಡ್ತಿದೀನಿ. ಮನೇಲಿ ಹಳೇ ನೈಲಾನ್ ಹಗ್ಗ ಇದೆ, ಸಾಕಲ್ವಾ?" ಈಜೂ ಬಾರದ ನನ್ನನ್ನು ಕೇಳ್ತಾನಲ್ಲ ಅಂತ ನಗು ಬಂತು. ಆದರೂ ಕುತೂಹಲ ತಡೆಯದೆ ಓದುತ್ತಾ ಹೋದೆ... ಸಿಕ್ಕಿದ್ದು ಒಂದು ಸೊಗಸಾದ ಕಥೆ.

1922ರ ಬೇಸಿಗೆ. ಮಿನ್ನೆಸೋಟಾದ ಲೇಕ್ ಸಿಟಿಯಲ್ಲಿ ರಾಲ್ಫ್ ಸ್ಯಾಮುಯೆಲ್‌ಸನ್ ಎಂಬ ಹುಡುಗ. ಹಿಮದ ಮೇಲೆ ಜಾರುವಂತೆ ನೀರಿನ ಮೇಲೂ ಯಾಕೆ ಜಾರಬಾರದು ಅನ್ನುವ ಹುಚ್ಚು ಅವನಿಗೆ. ಪೀಪಾಯಿಯ ಹಲಗೆ ಕಟ್ಟಿಕೊಂಡು ನೋಡಿದ, ಮುಳುಗಿದ. ಕೊನೆಗೆ ಪೈನ್ ಹಲಗೆಗಳ ತುದಿಯನ್ನು ಬಿಸಿನೀರಿನಲ್ಲಿ ಬೇಯಿಸಿ ಬಗ್ಗಿಸಿದ. ಹಗ್ಗಕ್ಕೆ? ಕಿಟಕಿಗಳನ್ನು ಮೇಲೆ ಕೆಳಗೆ ಸರಿಸಲು ಬಳಸುತ್ತಿದ್ದ ಹುರಿ, ಸುಮಾರು 100 ಅಡಿ. ಹಿಡಿಕೆಗೆ ಕಮ್ಮಾರನಿಂದ ಮಾಡಿಸಿದ ಒಂದು ಕಬ್ಬಿಣದ ಬಳೆ. ಅಣ್ಣ ಬೆನ್ ದೋಣಿ ಓಡಿಸಿದ. ಜುಲೈ 2ರಂದು, ತನ್ನ 19ನೇ ಹುಟ್ಟುಹಬ್ಬದ ಹಿಂದಿನ ದಿನ, ರಾಲ್ಫ್ ಪೆಪಿನ್ ಸರೋವರದ ನೀರಿನ ಮೇಲೆ ನಿಂತುಬಿಟ್ಟ!

ಅವನು ಪೇಟೆಂಟ್ ಮಾಡಿಸಲಿಲ್ಲ. 1925ರಲ್ಲಿ ಫ್ರೆಡ್ ವಾಲರ್ ಎಂಬಾತ ವಾಟರ್ ಸ್ಕೀಗೆ ಪೇಟೆಂಟ್ ಪಡೆದ. (ಮುಂದೆ ಸಿನೆರಾಮಾ ಕಂಡುಹಿಡಿದವನೂ ಈತನೇ.) ವಾಲರನ ಏರ್ಪಾಡಿನಲ್ಲಿ ದೋಣಿಯ ಹಗ್ಗವನ್ನು ಸ್ಕೀಗಳಿಗೇ ಕಟ್ಟುತ್ತಿದ್ದರು. ಆದರೆ ಉಳಿದುಕೊಂಡಿದ್ದು ಯಾವುದು ಗೊತ್ತೆ? ಪೇಟೆಂಟ್ ಇಲ್ಲದ ರಾಲ್ಫನ ವಿಧಾನ. ಹಗ್ಗ ಕೈಯಲ್ಲಿದ್ದರೆ ಬಿದ್ದಾಗ ಬಿಟ್ಟುಬಿಡಬಹುದು. ಕಾಲಿಗೇ ಕಟ್ಟಿದ್ದರೆ?

1985ರಲ್ಲಿ ಟೋನಿ ಫಿನ್ ಸ್ಕರ್ಫರ್ ತಂದ, 1990ರ ಸುಮಾರಿಗೆ ಹರ್ಬ್ ಓಬ್ರಯನ್‌ನ ಹೈಪರ್‌ಲೈಟ್ ಬಂತು. ವೇಕ್‌ಬೋರ್ಡಿಂಗ್ ಬೆಳೆಯಿತು. ಇಲ್ಲಿ ಆಟಗಾರ ದೋಣಿಯ ಅಲೆಯನ್ನೇ ಮೆಟ್ಟಿಲು ಮಾಡಿಕೊಂಡು ಗಾಳಿಗೆ ಹಾರುತ್ತಾನೆ. ಆಗಲೇ ಹಳೆಯ ಹಗ್ಗದ ಹುಳುಕು ಗೊತ್ತಾಗಿದ್ದು. ನೈಲಾನ್ ಹಗ್ಗದಲ್ಲಿ ಬಾವಿ ನೀರು ಸೇದಿದವರಿಗೆ ಗೊತ್ತು, ಕೊಡ ತುಂಬಿದಾಗ ಅದು ಜಗ್ಗುತ್ತದೆ. ಹಾರುವ ಹೊತ್ತಿಗೆ ಹಗ್ಗ ಜಗ್ಗಿದರೆ ಲೆಕ್ಕ ತಪ್ಪುತ್ತದೆ. ಇನ್ನೂ ಕೆಟ್ಟದ್ದೆಂದರೆ, ಎಳೆದ ರಬ್ಬರಿನಂತೆ ಹಿಡಿಕೆ ದೋಣಿಯವರ ಮುಖಕ್ಕೇ ಚಿಮ್ಮಬಹುದು.

ಪರಿಹಾರ ಬಂದಿದ್ದು ನೆದರ್‌ಲ್ಯಾಂಡ್ಸ್‌ನ ಪ್ರಯೋಗಾಲಯದಿಂದ. ಅಲ್ಲಿನ ಡಿಎಸ್‌ಎಂ ಕಂಪನಿಯಲ್ಲಿ 1979ರಲ್ಲಿ ಸ್ಮಿತ್ ಮತ್ತು ಲೆಮ್‌ಸ್ಟ್ರಾ ಹೊಸ ಬಗೆಯ ನೂಲು ತೆಗೆಯುವ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅದೇ ಡೈನೀಮಾ. ನಮ್ಮ ತರಕಾರಿ ಚೀಲದ ಪಾಲಿಥೀನ್ ವಂಶದ್ದೇ, ಆದರೆ ಅಷ್ಟೇ ತೂಕದ ಉಕ್ಕಿಗಿಂತ ಹಲವು ಪಟ್ಟು ಗಟ್ಟಿ. ಜಗ್ಗುವುದು ತೀರಾ ಕಡಿಮೆ, ನೀರಿನಲ್ಲೂ ತೇಲುತ್ತದೆ. ಸ್ಪೆಕ್ಟ್ರಾ ಅಂತ ಮಾರುವುದೂ ಇದೇ ಜಾತಿ.

ಹಿಡಿಕೆಯೂ ಬದಲಾಯಿತು. ಬೆನ್ನ ಹಿಂದೆ ಕೈಯಿಂದ ಕೈಗೆ ದಾಟಿಸಬೇಕಲ್ಲ, ಹಾಗಾಗಿ 13ರಿಂದ 15 ಅಂಗುಲ ಅಗಲ, ತೇಲಲು ಫೋಮ್.

ಹುಡುಗನಿಗೆ ಹೇಳಿದೆ: "ನೈಲಾನ್ ಬಟ್ಟೆ ಒಣಹಾಕೋಕೆ ಇಟ್ಕೋ. ಜಗ್ಗದ ಹಗ್ಗ ತಗೋ. ಕಲಿಯೋವಾಗ ಗಿಡ್ಡ ಇರಲಿ. ನೂಲು ಹರಿದಿದ್ರೆ ಎಸೆದುಬಿಡು. ಯಾವ ಕಾರಣಕ್ಕೂ ಕೈಗೆ ಸುತ್ಕೋಬೇಡ."

ಅಂದಹಾಗೆ, ರಾಲ್ಫ್ ಆಮೇಲೆ ಟರ್ಕಿ ಕೋಳಿ ಸಾಕಿಕೊಂಡಿದ್ದ. ಈ ಆಟದ ಮೊದಲಿಗ ಅವನೇ ಎಂದು ಅಮೆರಿಕದ ವಾಟರ್ ಸ್ಕೀ ಸಂಘ ಒಪ್ಪಿದ್ದು 1966ರಲ್ಲಿ, ಅಂದರೆ 44 ವರ್ಷಗಳ ನಂತರ. 1977ರಲ್ಲಿ ತೀರಿಕೊಂಡ. ಸದ್ಯ, ಬದುಕಿದ್ದಾಗಲೇ ಒಪ್ಪಿದರಲ್ಲ ಅಂತ ನನಗೆ ಸಮಾಧಾನ. ನಿಮಗೆ?